ಅರ್ಧಕ್ಕೆ ಕತ್ತರಿಸಿದ ನಗು: ಬದಿಯಡ್ಕದಲ್ಲಿ ನನ್ನ ಪ್ರಯೋಗ

ಮುಖದ ಭಾವ ಗುರುತಿಸಲು ಸ್ಥಿರಚಿತ್ರಕ್ಕಿಂತ ಚಲನೆ ಎಷ್ಟು ನೆರವಾಗುತ್ತದೆಂದು ಮನೆಯಲ್ಲೇ ಅಳೆಯಬೇಕೆಂದು ಹೊರಟಿದ್ದೆ. ಚಲಿಸುವ ಮುಖಕ್ಕೆ ಎಸ್‌ಟಿಎಸ್ (ಮುಖದ ಚಲನೆಗೆ ಸ್ಪಂದಿಸುವ, ಮಿದುಳಿನ ಬದಿಯ ಒಂದು ಮಡಿಕೆ) ಎಷ್ಟು ಮಿಡಿಯುತ್ತದೆಂದು ನೋಡಲು ಮಿದುಳಿನ ಸ್ಕ್ಯಾನರ್ ಬೇಕು, ಕಾಸರಗೋಡಿನ ಬದಿಯಡ್ಕದ ಅಡಿಕೆ ಅಂಗಳದಲ್ಲಿ ಇದೆಲ್ಲ ಆಗುವ ಹೋಗುವ ಮಾತಲ್ಲ ಎಂದು ಮಂಗಳೂರಿನ ಗೆಳೆಯರೊಬ್ಬರು ಹೇಳಿದ್ದರು. ಆಯಿತು. ಮೂರು ಮಳೆಗಾಲ ಹಿಡಿಯಿತು, ಅಷ್ಟೆ.

ಮೊದಲ ತಪ್ಪು, ಕಲಾವಿದರನ್ನು ಕರೆದದ್ದು. ಪ್ರಸಂಗಕವಿ ಪಾರ್ತಿಸುಬ್ಬನ ಸೀಮೆಯಲ್ಲಿದ್ದು ಯಕ್ಷಗಾನದವರನ್ನು ಬಿಡುವುದುಂಟೇ? ಇಬ್ಬರು ವೇಷಧಾರಿಗಳು ಬಣ್ಣ ಹಚ್ಚದೆ ಕುಳಿತು ಸಂತೋಷ, ದುಃಖ, ಕೋಪ, ಭಯ, ಆಶ್ಚರ್ಯ, ಹೇಸಿಗೆ ಎಂಬ ಆರೂ ಭಾವಗಳನ್ನು ಕೊಟ್ಟರು. ಕೊನೆಯ ಸಾಲಿನಲ್ಲಿ ತೂಕಡಿಸುವವನಿಗೂ ಕಾಣುವಂಥ ಕೋಪ ಅದು. ಸ್ಥಿರಚಿತ್ರ ನೋಡಿದವರೇ ಎಲ್ಲವನ್ನೂ ಸರಿಯಾಗಿ ಹೇಳಿಬಿಟ್ಟರು; ಚಲನೆಯ ಲಾಭ ಅಳೆಯಲು ಜಾಗವೇ ಉಳಿಯಲಿಲ್ಲ. ಊಟ, ಬಸ್ಸು, ಗೌರವಧನ ಸೇರಿ ನಾಲ್ಕು ಸಾವಿರದ ಹತ್ತಿರ ಹೋಯಿತು.

ಎರಡನೆಯ ಸಲ ನೆರೆಕರೆಯ ಹದಿನಾಲ್ಕು ಮಂದಿ. ಹಳೆಯ ಚೋಕಿನ ಟ್ಯೂಬ್‌ಲೈಟಿನಡಿ ಕೂರಿಸಿದ್ದಕ್ಕೆ ಮುಖದ ಮೇಲೆಲ್ಲ ಪಟ್ಟಿಗಳು ಹರಿದಾಡಿದವು. ನಮ್ಮ ಕರೆಂಟು 50 ಹರ್ಟ್ಸ್, ಫೋನು ಸೆಕೆಂಡಿಗೆ 60 ಚೌಕಟ್ಟು (ಫ್ರೇಮ್); ದೀಪದ ಮಿಣುಕಿಗೂ ಕ್ಯಾಮೆರಾಕ್ಕೂ ತಾಳ ಕೂಡಲಿಲ್ಲ. ಶಟರನ್ನು ಸೆಕೆಂಡಿನ 1/100ಕ್ಕೆ ಕಟ್ಟಿಹಾಕಿದ ಮೇಲೆ ತಣ್ಣಗಾಯಿತು. ಅಷ್ಟರಲ್ಲಿ ಎಲ್‌ಇಡಿ ದೀಪ, ಟ್ರೈಪಾಡ್, ಹಾರ್ಡ್‌ಡಿಸ್ಕ್ ಎಂದು ಹನ್ನೊಂದು ಸಾವಿರ ಕರಗಿತ್ತು. ಹಾರ್ಡ್‌ಡಿಸ್ಕಂತೂ ಆಟಿಯ ಥಂಡಿಗೆ ಕೈಕೊಟ್ಟಿತು.

ಸಹಜ ಭಾವ ಹೊರಡಲೆಂದು ಕ್ಯಾಮೆರಾ ಚಾಲೂ ಮಾಡುವ ಮೊದಲು ನಾನು ಕೇಳುವ ಎರಡು ಪ್ರಶ್ನೆಗಳನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ಸಲ ನೆರೆಕರೆಯವರು ಓದಿಕೊಂಡೇ ಬರುತ್ತಾರೆ.

ದಾರಿ ಸಿಕ್ಕಿದ್ದು ಭಾವವನ್ನು ನಡುವೆಯೇ ಕತ್ತರಿಸಿದಾಗ. ನಿರ್ಭಾವದಿಂದ ಹೊರಟ ಮುಖ ಮೂರನೇ ಒಂದು ಪಾಲು ಅರಳಿದಲ್ಲಿಗೆ ಕ್ಲಿಪ್ ಮುಗಿಸಿದೆ. ಆ ಕೊನೆಯ ಚೌಕಟ್ಟನ್ನಷ್ಟೇ ತೋರಿಸಿದರೆ ಹತ್ತರಲ್ಲಿ ನಾಲ್ಕು ಸರಿ, ಓಡಿಸಿ ತೋರಿಸಿದರೆ ಏಳು. ಗೆಳೆಯರು ತಣ್ಣೀರೆರಚಿದರು: “ವೀಡಿಯೊದಲ್ಲಿ ಚಿತ್ರಗಳೇ ಹೆಚ್ಚು, ಅಂಕ ಹೆಚ್ಚದೆ ಇನ್ನೇನು?”

ಇದಕ್ಕೆ ಮದ್ದನ್ನು ಮನಶ್ಶಾಸ್ತ್ರಜ್ಞರಾದ ಅಂಬದಾರ್, ಸ್ಕೂಲರ್, ಕೋನ್ ಮೂವರೂ 2005ರಲ್ಲೇ ಅರೆದಿಟ್ಟಿದ್ದಾರೆ. ಅವೇ ಚೌಕಟ್ಟುಗಳ ನಡುನಡುವೆ ಮರೆಚಿತ್ರ (ಮುಖವನ್ನು ಕ್ಷಣಕಾಲ ಮರೆಮಾಡುವ ಚಿತ್ರ) ತೂರಿಸಿ ಚಲನೆಯ ಅನುಭವವನ್ನು ಕೊಂದುಬಿಡುವುದು. ನಾನೂ ತೂರಿಸಿದೆ. ಆದರೆ ಲ್ಯಾಪ್‌ಟಾಪ್ ಗುಟ್ಟಾಗಿ ಚೌಕಟ್ಟುಗಳನ್ನು ನುಂಗುತ್ತಿತ್ತು. ಇನ್ನೊಂದು ಫೋನಿನಲ್ಲಿ ಪರದೆಯನ್ನೇ ನಿಧಾನಗತಿಯಲ್ಲಿ ಹಿಡಿದು ಒಂದೊಂದಾಗಿ ಎಣಿಸಿದಾಗ ಕಳ್ಳ ಸಿಕ್ಕಿದ. ಎರಡು ತಿಂಗಳ ದತ್ತಾಂಶ ಕಸದ ಬುಟ್ಟಿಗೆ. ಎಲ್ಲ ಸರಿಪಡಿಸಿ ಮತ್ತೆ ಮಾಡಿದಾಗ, ಮರೆ ಹಾಕಿದ ಕ್ಲಿಪ್‌ಗಳ ಅಂಕ ನಾಲ್ಕರ ಆಸುಪಾಸಿಗೆ ಜಾರಿತು. ಚಿತ್ರಗಳು ಅಷ್ಟೇ ಇದ್ದವು, ಓಟವೊಂದು ಇರಲಿಲ್ಲ. ಗೆಳೆಯರು ಎರಡು ದಿನ ಫೋನು ಮಾಡಲಿಲ್ಲ.

ಉತ್ತರದ ಪಟ್ಟಿಯೂ ಕಾಡಿತು. ‘ಜುಗುಪ್ಸೆ’ ಎಂದು ಬರೆದಿದ್ದೆ. ‘ಜೀವನದಲ್ಲಿ ಜುಗುಪ್ಸೆಗೊಂಡು’ ಎಂಬ ಪತ್ರಿಕೆಯ ಸಾಲನ್ನೇ ಓದಿ ಬೆಳೆದವರು ದುಃಖದ ಮುಖಕ್ಕೆಲ್ಲ ಅದನ್ನೇ ಒತ್ತಿದರು. ‘ಹೇಸಿಗೆ’ ಎಂದು ಬದಲಿಸಿದೆ, ಮಲಯಾಳದವರಿಗೆ ‘ಅರಪ್ಪು’. ಭಯ ಮತ್ತು ಆಶ್ಚರ್ಯದ ಗೊಂದಲ ಮಾತ್ರ ಯಾವ ಭಾಷೆಯಲ್ಲಿಯೂ ಪೂರ್ತಿ ಬಿಡಲಿಲ್ಲ.

ನಡುವೆ ಒಂದು ಹುಚ್ಚೂ ಹತ್ತಿತು. ಮನಶ್ಶಾಸ್ತ್ರಜ್ಞ ಬಸಿಲಿ 1970ರ ದಶಕದ ಕೊನೆಯಲ್ಲಿ ಕಪ್ಪು ಬಳಿದ ಮುಖಕ್ಕೆ ಬಿಳಿ ಚುಕ್ಕೆಗಳನ್ನಿಟ್ಟು ಕತ್ತಲಲ್ಲಿ ತೋರಿಸಿದ್ದನಲ್ಲ, ಅದನ್ನು ತಮ್ಮನ ಮುಖದ ಮೇಲೆ ಮಾಡಿದೆ. ಚುಕ್ಕೆಗೆ, ಯಕ್ಷಗಾನದಲ್ಲಿ ಬಣ್ಣದ ವೇಷದವರು (ರಾಕ್ಷಸ ಪಾತ್ರದವರು) ಮುಖಕ್ಕೆ ಇಡುವ ಚುಟ್ಟಿಯಂತೆ ಅಕ್ಕಿಹಿಟ್ಟು, ಸುಣ್ಣ. ಅಲುಗದೆ ಕುಳಿತಾಗ ನೋಡಿದವರು “ಏನೋ ಚುಕ್ಕೆಗಳು” ಎಂದರು. ನಕ್ಕ ಕೂಡಲೇ ಅಮ್ಮ ಸಹಿತ ಎಲ್ಲರೂ “ನಗುತ್ತಿದ್ದಾನೆ” ಎಂದರು. ಮೂರನೆಯ ನಗುವಿಗೆ ಹಿಟ್ಟು ಬಿರಿದು ಕೆನ್ನೆಯ ಚುಕ್ಕೆಗಳು ಮಡಿಲಿಗೆ ಬಿದ್ದವು. ಮುಂದಿನ ಸಲ ಸೈಕಲ್ಲಿಗೆ ಅಂಟಿಸುವ ಹೊಳೆಯುವ ಪಟ್ಟಿ ತರಬೇಕು.

ಗೆಳೆಯರು ಈಗ ಕ್ಲಿಪ್‌ಗಳನ್ನು ಕೇಳಿದ್ದಾರೆ, ಸ್ಕ್ಯಾನರಿನೊಳಗೆ ತೋರಿಸಲಿಕ್ಕಂತೆ. ಕೊಡುವ ಮೊದಲು ಹದಿನಾಲ್ಕೂ ಮಂದಿಯ ಒಪ್ಪಿಗೆ ಸಹಿ ಬೇಕು. ಒಂಬತ್ತು ಸಿಕ್ಕಿತು. ಉಳಿದವರು ಅಡಿಕೆ ಕೊಯ್ಲು ಮುಗಿಯಲಿ ಎಂದಿದ್ದಾರೆ.