20,000 ರೂಪಾಯಿಗೆ ಎಂಟಿಬಿ ಹುಡುಕಿದ ಕತೆ

ಎಂಟಿಬಿ ಅಂದರೆ ಮೌಂಟನ್ ಬೈಕ್, ಬೆಟ್ಟ, ಮಣ್ಣುದಾರಿಗೆ ಅಂತ ಮಾಡಿದ ಸೈಕಲ್. ಅದಕ್ಕೆ ಕೈಯಲ್ಲಿದ್ದದ್ದು 20,000 ರೂಪಾಯಿ. ವಾರವಿಡೀ ಆಫೀಸಿಗೆ ಹೋಗಬೇಕು, ಭಾನುವಾರ ದೇವನಹಳ್ಳಿ ಆಚೆಯ ಆವತಿ ಬೆಟ್ಟದ ಮಣ್ಣುದಾರಿ ಹತ್ತಬೇಕು. ಅಷ್ಟೇ ಆಸೆ.

ಮೊದಲು ಕಣ್ಣಿಗೆ ಬಿದ್ದದ್ದು ಹಿಂದೆ ಮುಂದೆ ಎರಡೂ ಕಡೆ ಶಾಕ್ ಅಬ್ಸಾರ್ಬರ್ ಇದ್ದ ಸೈಕಲ್. ಡಿಸ್ಕ್ ಬ್ರೇಕು, 21 ಗೇರು, ಬೆಲೆ ಬರೀ 13,000. "ಸಾರ್, ಥೇಟ್ ಬೈಕ್ ಇದ್ದಂಗಿದೆ" ಅಂದರು ಅಂಗಡಿಯವರು. ತೂಕವೂ ಹಾಗೇ ಇತ್ತು. ಪಕ್ಕದ ಮೆಡಿಕಲ್ ಶಾಪಿನ ತೂಕದ ಮಷಿನ್ ಮೇಲೆ ಸೈಕಲ್ ಎತ್ತಿಕೊಂಡು ನಿಂತೆ, ಆಮೇಲೆ ಬರಿಗೈಲಿ ನಿಂತೆ. ವ್ಯತ್ಯಾಸ 19 ಕೆಜಿ! ಸಣ್ಣ ಏರಿನಲ್ಲೂ ತುಳಿದಾಗಲೆಲ್ಲ ಹಿಂದಿನ ಸ್ಪ್ರಿಂಗ್ ಕುಸಿದು ಏಳುತ್ತಿತ್ತು. ನನ್ನ ಕಾಲಿನ ಬಲವನ್ನೆಲ್ಲ ಅದೇ ನುಂಗುತ್ತಿತ್ತು.

ಈ ದುಡ್ಡಿಗೆ ಹಿಂದಿನ ಶಾಕ್ ಬೇಡವೇ ಬೇಡ ಅಂತ ಅಲ್ಲೇ ತೀರ್ಮಾನಿಸಿದೆ. ಇನ್ನೊಂದು ಅಂಗಡಿಯಲ್ಲಿ ಅಲಾಯ್ ಫ್ರೇಮಿನ, 27.5 ಇಂಚು ಚಕ್ರದ, ಮುಂದೆ ಮಾತ್ರ ಶಾಕ್ ಇರುವ ಹಾರ್ಡ್‌ಟೇಲ್ ಸಿಕ್ಕಿತು. 17,500 ರೂಪಾಯಿ, ತೂಕ 14.5 ಕೆಜಿ.

ಅಳತೆ ವಿಷಯಕ್ಕೆ ಸ್ವಲ್ಪ ಜಗ್ಗಾಟವಾಯಿತು. ನನ್ನ ಎತ್ತರ 5 ಅಡಿ 6 ಇಂಚು. ಅಲ್ಲಿದ್ದದ್ದು ಲಾರ್ಜ್ ಫ್ರೇಮ್. "ಸೀಟು ಇಳಿಸಿಕೊಡ್ತೀನಿ ಸಾರ್" ಅಂದರು. ಸೀಟು ಇಳಿಸಿದರೆ ಮೇಲಿನ ಪೈಪೂ ಇಳಿಯುತ್ತದಾ? ಕಲ್ಲುದಾರಿಯಲ್ಲಿ ದಿಢೀರನೆ ಕಾಲೂರಿದಾಗ ಆ ಪೈಪಿಗೂ ನಮಗೂ ನಡುವೆ ನಾಲ್ಕು ಬೆರಳು ಜಾಗ ಇರಲೇಬೇಕು. ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ! ಒಂದು ವಾರ ಕಾದು ಮೀಡಿಯಂ ತರಿಸಿಕೊಂಡೆ.

ಉಳಿದ ದುಡ್ಡು ಹೆಲ್ಮೆಟ್, ಪಂಪು, ಒಂದು ಟ್ಯೂಬು, ಲೈಟಿಗೆ ಹೋಯಿತು. "ಇಷ್ಟು ದುಡ್ಡು ಕೊಟ್ಟಿದ್ದೀಯ, ಸ್ಟ್ಯಾಂಡೂ ಇಲ್ವೇನೋ?" ಅಂದರು ಅಮ್ಮ. ಸ್ಟ್ಯಾಂಡೂ ಇಲ್ಲ, ಮಡ್‌ಗಾರ್ಡೂ ಇಲ್ಲ.

ನಾನು ಎಡವಿದ್ದು ಹಿಂದಿನ ಚಕ್ರದ ಹತ್ತಿರ. 7 ಗೇರಿನ ಹಲ್ಲುಚಕ್ರ ಎರಡು ಥರ ಬರುತ್ತದೆ, ಫ್ರೀವೀಲ್ ಮತ್ತು ಕ್ಯಾಸೆಟ್. ಫ್ರೀವೀಲ್‌ನಲ್ಲಿ ಚೈನ್ ಕಡೆಯ ಬೇರಿಂಗ್ ತುಂಬಾ ಒಳಗಿರುತ್ತದೆ. ಅಲ್ಲಿಂದ ಹೊರಗೆ ಆಕ್ಸಲ್‌ಗೆ, ಅಂದರೆ ಚಕ್ರದ ನಡುವಿನ ಅಚ್ಚಿಗೆ, ಆಸರೆಯಿಲ್ಲ. ನಾನು ಕೊಂಡ ಸೈಕಲ್ಲಿನಲ್ಲಿದ್ದದ್ದು ಈ ಫ್ರೀವೀಲೇ. ನಾನು 82 ಕೆಜಿ ಆಸಾಮಿ. ಸೈಕಲ್ ಕೊಂಡ ಎಂಟನೇ ತಿಂಗಳಲ್ಲಿ, ಆವತಿಯ ಇಳಿಜಾರಿನಲ್ಲಿ ದಡಬಡ ಇಳಿದ ಮಾರನೇ ದಿನ, ಚಕ್ರ ಓಲಾಡತೊಡಗಿತು. ಆಕ್ಸಲ್ ಬಗ್ಗಿತ್ತು. ಇನ್ನೊಂದೆರಡು ಸಾವಿರ ಕೂಡಿಸಿಕೊಂಡಿದ್ದರೆ ಅದೇ ಅಂಗಡಿಯಲ್ಲಿ 8 ಗೇರಿನ ಕ್ಯಾಸೆಟ್ ಇರುವ ಸೈಕಲ್ ಇತ್ತು. ಆಗ ಕಣ್ಣೆತ್ತಿಯೂ ನೋಡಲಿಲ್ಲ. ಈಗ ಮೂರನೇ ಆಕ್ಸಲ್ ಓಡುತ್ತಿದೆ.