ಬೆಂಗಳೂರಲ್ಲಿ ಲ್ಯಾವೆಂಡರ್ ಬೆಳೆಸಬೇಕಾ? ಮೊದಲು ನೀರಿನ ಕ್ಯಾನ್ ಕೆಳಗಿಡಿ

ನರ್ಸರಿಯಿಂದ ತಂದ ಲ್ಯಾವೆಂಡರ್ ತಿಂಗಳೊಳಗೆ ಒಣಗಿತು ಅನ್ನುವವರು ಬೆಂಗಳೂರಿನಲ್ಲಿ ಬಹಳ ಜನ. ಬಿಸಿಲು ಜಾಸ್ತಿಯಾಯಿತೇನೋ ಅಂತ ಇನ್ನಷ್ಟು ನೀರು ಹಾಕುತ್ತಾರೆ, ಗಿಡ ಇನ್ನೂ ಬೇಗ ಹೋಗುತ್ತದೆ. ಅದನ್ನು ಸಾಯಿಸುವುದು ಸಾಮಾನ್ಯವಾಗಿ ಬಿಸಿಲಲ್ಲ, ಬೇರಿನ ಹತ್ತಿರ ನಿಂತ ನೀರು. ಇದು ಮೆಡಿಟರೇನಿಯನ್ ಕಡೆಯ ಕಲ್ಲುಗುಡ್ಡಗಳ ಗಿಡ, ಅಲ್ಲಿ ಬೇಸಿಗೆಯಲ್ಲಿ ಮಳೆ ತೀರಾ ಕಡಿಮೆ. ನಮ್ಮ ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆ ಅದಕ್ಕೆ ಆಗಿಬರುವುದಿಲ್ಲ.

ತಳಿಯಿಂದಲೇ ಶುರುಮಾಡಿ. ಇಂಗ್ಲಿಷ್ ಲ್ಯಾವೆಂಡರ್‌ಗೆ ಗಟ್ಟಿ ಚಳಿ ಬೇಕು. ಜಮ್ಮುವಿನ ಭದೇರ್ವಾದಲ್ಲಿ ಹೊಲಗಟ್ಟಲೆ ಬೆಳೆಯುತ್ತಾರೆ, ಅಲ್ಲಿ ಹಿಮ ಬೀಳುತ್ತದೆ. ಇಲ್ಲಿ ಅದು ಬದುಕಿದರೂ ಹೂವು ಕಷ್ಟ. ನಮಗೆ ಫ್ರೆಂಚ್ ಲ್ಯಾವೆಂಡರ್ ವಾಸಿ. ಎಲೆಯ ಅಂಚಿನಲ್ಲಿ ಸಣ್ಣ ಹಲ್ಲುಗಳಿರುತ್ತವೆ, ನೋಡಿ ಗುರುತಿಸಬಹುದು. ಎಲೆ ಸೀಳುಸೀಳಾಗಿರುವ ಇನ್ನೊಂದು ಜಾತಿಯೂ ಸೆಕೆ ತಡೆಯುತ್ತದೆ, ಆದರೆ ಅದರಲ್ಲಿ ನೀವು ಬಯಸುವ ಆ ಪರಿಮಳ ಸಿಗುವುದಿಲ್ಲ. ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಿಗೆ ಹೋದಾಗ ಹೆಸರು ಕೇಳುವುದಕ್ಕಿಂತ ಎಲೆ ನೋಡಿ ತನ್ನಿ. ಬೀಜದ ಗೋಜು ಬೇಡ, ಮೊಳಕೆ ನಿಧಾನ.

ನೆಡುವುದಕ್ಕೆ ನವೆಂಬರ್ ಒಳ್ಳೆಯದು. ಮಳೆ ಮುಗಿದಿರುತ್ತದೆ, ಬೇಸಿಗೆ ಬರುವ ಹೊತ್ತಿಗೆ ಬೇರು ಚೆನ್ನಾಗಿ ಹಿಡಿದಿರುತ್ತದೆ.

ಇನ್ನು ಮಣ್ಣು, ಎಲ್ಲಕ್ಕಿಂತ ಮುಖ್ಯ ಇದೇ. ಹತ್ತು ಇಂಚಿನ ಮಣ್ಣಿನ ಕುಂಡ ತಗೊಳ್ಳಿ, ಪ್ಲಾಸ್ಟಿಕ್‌ಗಿಂತ ಬೇಗ ಒಣಗುತ್ತದೆ. ಎರಡು ಪಾಲು ಕೆಮ್ಮಣ್ಣು, ಎರಡು ಪಾಲು ದಪ್ಪ ಮರಳು, ಒಂದು ಪಾಲು ಎರೆಗೊಬ್ಬರ, ಅಷ್ಟೇ. ಎಂ-ಸ್ಯಾಂಡ್ ಆದರೆ ತೊಳೆದು ಧೂಳು ತೆಗೆಯಿರಿ, ಇಲ್ಲದಿದ್ದರೆ ಆ ಧೂಳೇ ಗಟ್ಟಿಯಾಗಿ ನೀರು ಇಳಿಯದಂತೆ ಮಾಡುತ್ತದೆ. ಈ ಗಿಡಕ್ಕೆ ಹುಳಿ ಮಣ್ಣು ಆಗದು, ಹಾಗಾಗಿ ಕುಂಡಕ್ಕೆ ಒಂದು ಚಮಚ ಕೃಷಿ ಸುಣ್ಣ ಬೆರೆಸಿ. ಕಲಸಿದ ಮಣ್ಣನ್ನು ಸ್ವಲ್ಪ ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಂಡಿ, ಕೈ ಬಿಚ್ಚಿ ಬೆರಳಿನಿಂದ ಮುಟ್ಟಿದ ತಕ್ಷಣ ಉದುರಬೇಕು. ಉಂಡೆಯಾಗಿಯೇ ಉಳಿದರೆ ಇನ್ನಷ್ಟು ಮರಳು ಸೇರಿಸಿ. ನರ್ಸರಿ ಗಿಡದ ಬೇರಿಗೆ ಸಾಮಾನ್ಯವಾಗಿ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಮೆತ್ತಿಕೊಂಡಿರುತ್ತದೆ, ಅದು ನೀರು ಹಿಡಿದಿಟ್ಟುಕೊಳ್ಳುವ ವಸ್ತು ಅಲ್ವಾ, ಬೇರು ಹರಿಯದಂತೆ ಮೆಲ್ಲಗೆ ಆದಷ್ಟು ಉದುರಿಸಿಯೇ ನೆಡಿ. ಮೇಲೆ ಸಣ್ಣ ಜಲ್ಲಿ ಹರಡಿ.

ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ದಕ್ಷಿಣದ ಬಾಲ್ಕನಿ ಸಾಕು. ಏಪ್ರಿಲ್ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದು ಅಲ್ಲಿ ನೆರಳಾಗುತ್ತದೆ, ಆಗ ಟೆರೇಸಿಗೆ ಸಾಗಿಸಿ.

ಬೆರಳನ್ನು ಎರಡು ಇಂಚು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ತಳದಿಂದ ಹರಿಯುವಷ್ಟು ನೀರು ಕೊಡಿ. ಕುಂಡದ ಕೆಳಗೆ ತಟ್ಟೆ ಬೇಡವೇ ಬೇಡ. ಎಲೆ ಜೋತುಬಿದ್ದಿದೆ, ಮಣ್ಣು ಮಾತ್ರ ಒದ್ದೆಯಾಗಿದೆ ಅಂದರೆ ಬೇರು ಕೊಳೆಯುತ್ತಿರಬಹುದು, ಆಗ ಸುಮ್ನೆ ನೀರು ಹಾಕಬೇಡಿ. ಮಳೆ ಶುರುವಾದ ಕೂಡಲೇ ಸಜ್ಜಾ ಕೆಳಗೆ, ಗಾಳಿ ಆಡುವ ಕಡೆ ಇಡಿ.

ಗೊಬ್ಬರ ಜಾಸ್ತಿಯಾದರೆ ಬರೀ ಎಲೆ ಬರುತ್ತದೆ. ವರ್ಷಕ್ಕೊಮ್ಮೆ ಒಂದು ಹಿಡಿ ಎರೆಗೊಬ್ಬರ ಸಾಕು. ಹೂವು ಮುಗಿದ ಮೇಲೆ ಮೂರನೇ ಒಂದು ಭಾಗ ಸವರಿ, ಎಲೆಯಿಲ್ಲದ ಹಳೆಯ ಕಡ್ಡಿಗೆ ಕತ್ತರಿ ಹಾಕಬೇಡಿ, ಅಲ್ಲಿಂದ ಮತ್ತೆ ಚಿಗುರುವುದು ಅಪರೂಪ. ಸವರುವಾಗ ಸಿಕ್ಕ, ಹೂವಿಲ್ಲದ ನಾಲ್ಕು ಇಂಚಿನ ತುದಿಗಳ ಕೆಳಗಿನ ಎಲೆ ಕಿತ್ತು ಒದ್ದೆ ಮರಳಿಗೆ ಚುಚ್ಚಿ ನೆರಳಿನಲ್ಲಿಡಿ, ತಿಂಗಳು ಒಂದೂವರೆ ತಿಂಗಳಲ್ಲಿ ಬೇರು ಬರುತ್ತದೆ. ತಾಯಿಗಿಡ ಮಳೆಗೆ ಹೋದರೂ ಮರಿ ಉಳಿದಿರುತ್ತದೆ.

ಹೂವು ಒಣಗಿಸುವುದಾದರೆ, ತೆನೆಯ ಕೆಲವೇ ಹೂವು ಅರಳಿದಾಗ, ಬೆಳಗಿನ ಇಬ್ಬನಿ ಆರಿದ ಮೇಲೆ ಕೊಯ್ಯಿರಿ. ಸಣ್ಣ ಕಟ್ಟು ಕಟ್ಟಿ ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕಿ. ಮಳೆಗಾಲದಲ್ಲಿ ಈ ಕೆಲಸ ಬೇಡ, ಬೂಷ್ಟು ಹಿಡಿಯುತ್ತದೆ.