ಗಾಜಿನಾಚೆಯ ಪದಕ, ಪಕ್ಕದಲ್ಲಿನ ಕಾಗದ: ರಷ್ಯಾದ ಮ್ಯೂಸಿಯಂಗಳಲ್ಲಿ ನನ್ನ ಅನುಭವ

ಸೋವಿಯತ್ ಪದಕಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ‘ಜಾ ಅತ್ವಾಗು’. ಅಂದರೆ ‘ಧೈರ್ಯಕ್ಕಾಗಿ’. ಬೆಳ್ಳಿಯ ದುಂಡನೆ ಬಿಲ್ಲೆ, 37 ಮಿಲಿಮೀಟರ್ ಅಗಲ. ಮೇಲೆ ಮೂರು ವಿಮಾನ, ಕೆಳಗೆ ಒಂದು ಟಿ-35 ಟ್ಯಾಂಕ್, ನಡುವೆ ಕೆಂಪು ಎನಾಮೆಲ್ ತುಂಬಿದ ಅಕ್ಷರಗಳು. ಅಷ್ಟೇ. ವಜ್ರ ಇಲ್ಲ, ಚಿನ್ನ ಇಲ್ಲ. 1938ರ ಅಕ್ಟೋಬರ್ 17ರಂದು ಶುರುವಾದ ಈ ಪದಕ ಯುದ್ಧದಲ್ಲಿ ತೋರಿಸಿದ ಸ್ವಂತ ಧೈರ್ಯಕ್ಕೆ ಸಿಗುತ್ತಿತ್ತು. ಹಾಗಾಗಿ ಸಾಮಾನ್ಯ ಸಿಪಾಯಿಗಳ ನಡುವೆ ಇದಕ್ಕೆ ಬಹಳ ಮರ್ಯಾದೆ. ರಷ್ಯಾದ ಯಾವ ಮ್ಯೂಸಿಯಂಗೆ ಹೋದರೂ ನಾನು ಮೊದಲು ಹುಡುಕುವುದು ಇದನ್ನೇ. ಇದು ಎಲ್ಲಿದೆಯೋ ಅಲ್ಲಿ ಒಬ್ಬ ಮಾಮೂಲಿ ಮನುಷ್ಯನ ಕಥೆಯೂ ಇರುತ್ತದೆ.

ಹೋಗುವ ಮುಂಚೆ ನಾನು ಮಾಡಿಕೊಂಡ ತಯಾರಿ ಸರಳ. ಮೊದಲು ರಷ್ಯನ್ ಅಕ್ಷರಮಾಲೆ ಕಲಿತೆ. ಭಾಷೆ ಬರಬೇಕಿಲ್ಲ, ಅಕ್ಷರ ಕೂಡಿಸಿ ಓದಲು ಬಂದರೆ ಸಾಕು. ಮಿಲಿಟರಿ ಮ್ಯೂಸಿಯಂಗಳಲ್ಲಿ ಹೆಚ್ಚಿನ ಚೀಟಿಗಳು ರಷ್ಯನ್‌ನಲ್ಲೇ ಇರುತ್ತವೆ. ‘ಓರ್ದೆನ್’ ಅಂದರೆ ಆರ್ಡರ್ (ಪದಕಕ್ಕಿಂತ ಮೇಲಿನ ಗೌರವ), ‘ಮೆದಾಲ್’ ಅಂದರೆ ಪದಕ, ‘ಸ್ತೇಪೆನ್’ ಅಂದರೆ ದರ್ಜೆ, ಇಂಥ ನಾಲ್ಕಾರು ಪದ ಗುರುತು ಹಿಡಿದರೆ ಅರ್ಧ ಕೆಲಸ ಮುಗಿಯಿತು. ಆಮೇಲೆ ದುಡ್ಡು. 2022ರ ಮಾರ್ಚ್‌ನಿಂದ ನಮ್ಮ ಬ್ಯಾಂಕುಗಳ ವೀಸಾ, ಮಾಸ್ಟರ್‌ಕಾರ್ಡ್‌ಗಳು ಅಲ್ಲಿ ನಡೆಯುವುದಿಲ್ಲ. ಟಿಕೆಟ್‌ಗೂ ರೂಬಲ್ ನೋಟು ಜೇಬಲ್ಲಿರಲಿ. ವಾರದ ರಜೆಯ ಜೊತೆ ತಿಂಗಳಿಗೊಂದು ‘ಸ್ಯಾನಿಟರಿ ದಿನ’ ಅಂತ ಬಾಗಿಲು ಹಾಕುವ ಮ್ಯೂಸಿಯಂಗಳು ಬಹಳ ಇವೆ. ಹಿಂದಿನ ದಿನವೇ ಅವರ ಸೈಟ್ ನೋಡಿಕೊಳ್ಳಿ. ಒಳಗೆ ಹೋದ ತಕ್ಷಣ ಕೋಟು, ಬ್ಯಾಗು ಗಾರ್ದೆರೋಬ್‌ಗೆ ಕೊಡಬೇಕು. ಚಿಕ್ಕ ನೋಟ್‌ಬುಕ್ ಮಾತ್ರ ಕೈಯಲ್ಲಿಟ್ಟುಕೊಳ್ಳುತ್ತೇನೆ.

ಮಾಸ್ಕೋದಲ್ಲಿ ಶುರು ಮಾಡಬೇಕಾದ ಜಾಗ ಸಶಸ್ತ್ರ ಪಡೆಗಳ ಕೇಂದ್ರ ಮ್ಯೂಸಿಯಂ. ದಸ್ತಯೇವ್‌ಸ್ಕಯಾ ಮೆಟ್ರೋದಲ್ಲಿ ಇಳಿದರೆ ಎದುರಿಗೇ ನಕ್ಷತ್ರದ ಆಕಾರದಲ್ಲಿ ಕಟ್ಟಿದ ಸೇನೆಯ ರಂಗಮಂದಿರ, ಅಲ್ಲಿಂದ ಸ್ವಲ್ಪವೇ ನಡಿಗೆ. 1919ರಲ್ಲಿ ಹುಟ್ಟಿದ ಸಂಸ್ಥೆ, ಈಗಿನ ಕಟ್ಟಡ 1965ರದ್ದು. ಬಂದವರೆಲ್ಲ ಮೊದಲು ನೋಡುವುದು ಬರ್ಲಿನ್‌ನ ರೈಖ್‌ಸ್ಟಾಗ್ ಮೇಲೆ ಹಾರಿಸಿದ ವಿಜಯ ಪತಾಕೆಯನ್ನು. 1960ರಲ್ಲಿ ಹೊಡೆದುರುಳಿಸಿದ ಅಮೆರಿಕದ ಯು-2 ಬೇಹುಗಾರಿಕೆ ವಿಮಾನದ ಅವಶೇಷಗಳೂ ಇಲ್ಲೇ ಇವೆ. ಅವನ್ನೂ ನೋಡಿ, ನೋಡಲೇಬೇಕು. ಆದರೆ ನಾನು ಜಾಸ್ತಿ ಹೊತ್ತು ಕಳೆದದ್ದು ಸಮವಸ್ತ್ರಗಳ ಮುಂದೆ.

ಪದಕ ಬಿಡಿಬಿಡಿಯಾಗಿ ಮಖಮಲ್ಲಿನ ಮೇಲೆ ಮಲಗಿದ್ದರೆ ಅದರಿಂದ ತಿಳಿಯುವುದು ಸ್ವಲ್ಪ. ಅಂಗಿಯ ಮೇಲಿದ್ದರೆ ಇಡೀ ಯುದ್ಧ ಅದರಲ್ಲಿದೆ. ಓದುವ ಕ್ರಮ ಹೀಗೆ. ಎಡ ಎದೆಯಲ್ಲಿ ತೂಗಾಡುವಂಥವು: ಲೆನಿನ್, ಕೆಂಪು ಪತಾಕೆ, ಗ್ಲೋರಿ ಆರ್ಡರ್‌ಗಳು, ಆಮೇಲೆ ಪದಕಗಳ ಸಾಲು. ‘ಸೋವಿಯತ್ ಒಕ್ಕೂಟದ ಹೀರೋ’ ಅನ್ನುವ ಅತ್ಯುನ್ನತ ಬಿರುದು ಪಡೆದವರಾಗಿದ್ದರೆ ಚಿನ್ನದ ನಕ್ಷತ್ರ ಎಲ್ಲಕ್ಕಿಂತ ಮೇಲೆ. ಬಲ ಎದೆಯಲ್ಲಿ ಸ್ಕ್ರೂ ಹಾಕಿ ಕೂರಿಸಿದ ನಕ್ಷತ್ರಗಳು: ರೆಡ್ ಸ್ಟಾರ್, ದೇಶಭಕ್ತಿ ಯುದ್ಧದ ಆರ್ಡರ್, ಅಲೆಕ್ಸಾಂದರ್ ನೆವ್‌ಸ್ಕಿ. ಅದೇ ಬಲಗಡೆ ಸಣ್ಣ ಪಟ್ಟಿಗಳನ್ನು ಹೊಲಿದಿದ್ದರೆ ಅಲ್ಲಿ ನಿಲ್ಲಿ. ಅವು ಗಾಯದ ಗುರುತು. 1942ರ ಜುಲೈನಲ್ಲಿ ಈ ನಿಯಮ ಬಂತು. ಕಡುಗೆಂಪು ಪಟ್ಟಿ ಅಂದರೆ ಸಣ್ಣ ಗಾಯ, ಹೊಂಬಣ್ಣದ ಪಟ್ಟಿ ಅಂದರೆ ತೀವ್ರ ಗಾಯ. ಒಂದು ಅಂಗಿಯಲ್ಲಿ ಒಂದೇ ಒಂದು ‘ಜಾ ಅತ್ವಾಗು’ ಇತ್ತು, ಬಲಗಡೆ ಎರಡು ಹೊಂಬಣ್ಣದ ಪಟ್ಟಿ. ಅದರ ಮುಂದಿನಿಂದ ಬೇಗ ಹೊರಡಲು ನನಗೆ ಮನಸ್ಸು ಬರಲಿಲ್ಲ.

ನಾನು ಬಗ್ಗಿ ಬಗ್ಗಿ ನೋಡುತ್ತಿದ್ದದ್ದನ್ನು ಕಂಡು ಆ ಕೋಣೆ ಕಾಯುವ ಅಜ್ಜಿ ಎದ್ದು ಬಂದರು. ಇಂಥ ಅಜ್ಜಿಯಂದಿರು ರಷ್ಯಾದ ಬಹಳ ಮ್ಯೂಸಿಯಂಗಳಲ್ಲಿ ಇರುತ್ತಾರೆ, ಮೂಲೆಯ ಕುರ್ಚಿಯಲ್ಲಿ ಕೂತಿರುತ್ತಾರೆ. ಮೊದಲಿಗೆ ಗದರುವ ಹಾಗೆ ಕಾಣುತ್ತಾರೆ. ಪದಕದ ಹೆಸರನ್ನು ರಷ್ಯನ್‌ನಲ್ಲಿ ಹೇಳಿದೆ. ಮುಖ ಅರಳಿತು. ತೋಳು ಹಿಡಿದು ಪಕ್ಕದ ಗಾಜಿನ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ಒಂದು ರೆಡ್ ಸ್ಟಾರ್. ಕೆಳಗಿನ ಒಂದು ಮೂಲೆಯ ಎನಾಮೆಲ್ ಚಕ್ಕೆ ಎದ್ದು ಬೆಳ್ಳಿ ಕಾಣುತ್ತಿತ್ತು. ನಡುವೆ ಬಂದೂಕು ಹಿಡಿದು ನಿಂತ ಸೈನಿಕನ ಮುಖ ತಿಕ್ಕಾಡಿ ತಿಕ್ಕಾಡಿ ನುಣುಪಾಗಿ ಹೋಗಿತ್ತು. ಎನಾಮೆಲ್ ಅಂದರೆ ಲೋಹದ ಮೇಲೆ ಕರಗಿಸಿ ಕೂರಿಸಿದ ಗಾಜು. ತೆವಳುವಾಗ, ಟ್ರಕ್ ಹತ್ತುವಾಗ ತಾಗಿದರೆ ಚಕ್ಕೆ ಏಳದೇ ಇರುತ್ತದಾ? ಹೊಸದರ ಹಾಗೆ ಮಿರಮಿರ ಮಿಂಚುವ ನಕ್ಷತ್ರಕ್ಕಿಂತ ಇಂಥದ್ದರ ಮುಂದೆ ನಿಲ್ಲಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಇನ್ನೊಂದು ಗುರುತು ರಿಬ್ಬನ್. ‘ಜಾ ಅತ್ವಾಗು’ ಸಣ್ಣ ಆಯತದ ಪಟ್ಟಿಯಲ್ಲಿ, ಕೆಂಪು ರಿಬ್ಬನ್ ಜೊತೆ ಇದ್ದರೆ ಅದು ಹಳೆಯ ಮಾದರಿ. 1943ರ ಜೂನ್‌ನಲ್ಲಿ ನಿಯಮ ಬದಲಾಗಿ ಐದು ಮೂಲೆಯ ಪಟ್ಟಿ, ಎರಡು ಅಂಚಿಗೂ ನೀಲಿ ಗೆರೆ ಇರುವ ಬೂದು ರಿಬ್ಬನ್ ಬಂತು. ಅಂದರೆ ಕೆಂಪು ರಿಬ್ಬನ್ನಿನದು ಯುದ್ಧದ ಮೊದಲ, ಅತ್ಯಂತ ಕೆಟ್ಟ ದಿನಗಳ ಕಡೆಗೆ ಬೆರಳು ತೋರಿಸುತ್ತದೆ. ಸೇನೆ ಹಿಂದೆ ಸರಿಯುತ್ತಿದ್ದ 1941ರಲ್ಲಿ ಪದಕ ಪಡೆದವರು ಕಡಿಮೆ. ಆಗಿನ ಒಂದು ಬೆಳ್ಳಿ ಬಿಲ್ಲೆಯ ತೂಕವೇ ಬೇರೆ ಅಂತ ನನ್ನ ಅಭಿಪ್ರಾಯ.

ಸುಮ್ನೆ ನೋಡಿದರೆ ಕಣ್ಣಿಗೆ ಬೀಳದ ಒಂದು ಸಂಗತಿ ಹೇಳುತ್ತೇನೆ. ಜರ್ಮನಿಯ ಮೇಲಿನ ವಿಜಯದ ಪದಕ, ಜಪಾನಿನ ಮೇಲಿನ ವಿಜಯದ ಪದಕ ಎರಡರಲ್ಲೂ ಸ್ಟಾಲಿನ್ ಮುಖವಿದೆ. ಮೊದಲನೆಯದರಲ್ಲಿ ಎಡಕ್ಕೆ ನೋಡುತ್ತಿದ್ದಾನೆ, ಎರಡನೆಯದರಲ್ಲಿ ಬಲಕ್ಕೆ. ಭೂಪಟ ನೆನಪು ಮಾಡಿಕೊಳ್ಳಿ: ಎಡಕ್ಕೆ ಪಶ್ಚಿಮ, ಬಲಕ್ಕೆ ಪೂರ್ವ. ಎರಡೂ ಅಕ್ಕಪಕ್ಕ ಇದ್ದ ಗಾಜಿನ ಮುಂದೆ ನಿಂತಾಗ ಇದು ಥಟ್ಟನೆ ಕಂಡಿತು. ಅಲೆಕ್ಸಾಂದರ್ ನೆವ್‌ಸ್ಕಿ ಆರ್ಡರ್ ಮೇಲಿನ ಮುಖವನ್ನೂ ಗಮನಿಸಿ. 13ನೇ ಶತಮಾನದ ಆ ರಾಜಕುಮಾರನ ನಿಜವಾದ ಚಿತ್ರ ಯಾವುದೂ ಉಳಿದಿಲ್ಲ. ಹಾಗಾಗಿ 1942ರಲ್ಲಿ ಕಲಾವಿದರು ಸಿನಿಮಾದಲ್ಲಿ ಆ ಪಾತ್ರ ಮಾಡಿದ್ದ ನಟ ನಿಕೊಲಾಯ್ ಚೆರ್ಕಾಸೊವ್ ಮುಖವನ್ನೇ ಬಳಸಿಕೊಂಡರು.

ಮಾಸ್ಕೋದ್ದೇ ಆದ ಪಕ್ಲೋನಯಾ ಗೋರಾದ ವಿಜಯ ಮ್ಯೂಸಿಯಂನ ಧಾಟಿಯೇ ಬೇರೆ. 1995ರ ಮೇ 9ರಂದು ತೆರೆದದ್ದು. ಹೊರಗಿನ ಕಂಬದ ಎತ್ತರ 141.8 ಮೀಟರ್, ಯುದ್ಧದ 1418 ದಿನಗಳಲ್ಲಿ ದಿನಕ್ಕೆ ಹತ್ತು ಸೆಂಟಿಮೀಟರ್ ಲೆಕ್ಕ. ಒಳಗೆ ಕೀರ್ತಿ ಸಭಾಂಗಣದ ಬಿಳಿ ಅಮೃತಶಿಲೆಯ ಮೇಲೆ ಸೋವಿಯತ್ ಒಕ್ಕೂಟದ ಹೀರೋಗಳ ಹೆಸರು ಕೆತ್ತಿದ್ದಾರೆ, 11 ಸಾವಿರಕ್ಕೂ ಜಾಸ್ತಿ. ತಲೆ ಎತ್ತಿದರೆ ಗುಮ್ಮಟದ ನೆತ್ತಿಯಲ್ಲಿ ದೊಡ್ಡದಾಗಿ ವಿಜಯದ ಆರ್ಡರ್. ನಿಜವಾದ ವಿಜಯದ ಆರ್ಡರ್ ಪ್ಲಾಟಿನಂನದ್ದು, 72 ಮಿಲಿಮೀಟರ್ ಅಗಲ, ಸುತ್ತ ವಜ್ರ. ಕೆಂಪು ಕಲ್ಲುಗಳು ಮಾತ್ರ ಕೃತಕ ಮಾಣಿಕ್ಯ. ಐದೂ ಮೂಲೆಗೆ ಒಂದೇ ಬಣ್ಣ ಹೊಂದುವ ಸಹಜ ಮಾಣಿಕ್ಯ ಸಿಗಲಿಲ್ಲ ಅಂತ ಕೃತಕವನ್ನೇ ಆರಿಸಿದರು. ಮಾರ್ಷಲ್‌ಗಳಾದ ಝೂಕವ್, ವಸಿಲೆವ್‌ಸ್ಕಿ, ಜೊತೆಗೆ ಸ್ಟಾಲಿನ್, ಮೂವರಿಗೂ ಎರಡೆರಡು ಸಲ ಬಂತು. ಆಮೇಲಿನ ಸೋವಿಯತ್ ನಾಯಕ ಬ್ರೆಜ್ನೆವ್‌ಗೆ 1978ರಲ್ಲಿ ಕೊಟ್ಟದ್ದನ್ನು 1989ರಲ್ಲಿ ರದ್ದು ಮಾಡಿದರು, ಅದು ಸರಿಯಾದ ತೀರ್ಮಾನ. ಯುದ್ಧದ ಗತಿಯನ್ನೇ ತಿರುಗಿಸಿದ ಸೇನಾಪತಿಗಳಿಗೆ ಅಂತ ಮೀಸಲಿದ್ದ ಗೌರವ ಅದು.

ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, ಅಂದರೆ ಆಗಿನ ಲೆನಿನ್‌ಗ್ರಾಡ್‌ನಲ್ಲಿ, ಸಮಯ ಕಡಿಮೆ ಇದ್ದರೆ ಒಂದೇ ಜಾಗಕ್ಕೆ ಹೋಗಿ: ಸಲ್ಯಾನೊಯ್ ಗಲ್ಲಿಯ ಲೆನಿನ್‌ಗ್ರಾಡ್ ರಕ್ಷಣೆ ಮತ್ತು ಮುತ್ತಿಗೆಯ ಮ್ಯೂಸಿಯಂ. ಈ ಮ್ಯೂಸಿಯಂ ಕಥೆಯೇ ಮನಸ್ಸು ಹಿಂಡುತ್ತದೆ. ಯುದ್ಧ ಮುಗಿದ ಮೇಲೆ ತೆರೆದದ್ದನ್ನು 1949ರಲ್ಲಿ, ಸ್ಟಾಲಿನ್ ಲೆನಿನ್‌ಗ್ರಾಡ್ ನಾಯಕರ ಮೇಲೆ ಮುಗಿಬಿದ್ದ ಕಾಲದಲ್ಲಿ ಮುಚ್ಚಿಸಿದರು. ಸಂಗ್ರಹ ಚೆಲ್ಲಾಪಿಲ್ಲಿಯಾಯಿತು. ಮತ್ತೆ ಬಾಗಿಲು ತೆರೆದದ್ದು 1989ರಲ್ಲಿ. ಇಲ್ಲಿ ನೋಡಬೇಕಾದದ್ದು ‘ಲೆನಿನ್‌ಗ್ರಾಡ್ ರಕ್ಷಣೆಗಾಗಿ’ ಅನ್ನುವ ಹಿತ್ತಾಳೆಯ ಪದಕ. ರಿಬ್ಬನ್ ತಿಳಿಹಸಿರು, ನಡುವೆ ಕಡುಹಸಿರು ಗೆರೆ. ಮುಂಭಾಗದಲ್ಲಿ ಅಡ್ಮಿರಾಲ್ಟಿ ಕಟ್ಟಡ, ಅದರ ಮುಂದೆ ಸೈನಿಕ, ನಾವಿಕ, ಕಾರ್ಮಿಕ, ಜೊತೆಗೆ ಒಬ್ಬ ಹೆಂಗಸು. ಆ ಹೆಂಗಸು ಅಲ್ಲಿ ಸುಮ್ಮನೆ ನಿಂತಿಲ್ಲ. ಈ ಪದಕವನ್ನು ಕಾರ್ಖಾನೆಯವರಿಗೆ, ಡಾಕ್ಟರರಿಗೆ, ಮಕ್ಕಳಿಗೆ ಕೂಡ ಕೊಟ್ಟರು. ಅದೂ 1943ರಲ್ಲೇ ಹಂಚಲು ಶುರು ಮಾಡಿದರು, ಜರ್ಮನ್ನರ ಮುತ್ತಿಗೆ ಪೂರ್ತಿ ಮುರಿದದ್ದು 1944ರ ಜನವರಿ 27ಕ್ಕೆ. ಅದೇ ಮ್ಯೂಸಿಯಂನಲ್ಲಿ ಮುತ್ತಿಗೆಯ ಮೊದಲ ಚಳಿಗಾಲದ, ದಿನಕ್ಕೆ 125 ಗ್ರಾಂ ರೊಟ್ಟಿಯ ಪಡಿತರದ ಕಥೆಯೂ ಇದೆ. ರೊಟ್ಟಿ ನೋಡಿದ ಮೇಲೆ ಪದಕ ನೋಡಿ. ಈ ಕ್ರಮ ತಪ್ಪಿಸಬೇಡಿ.

ಈಗ ನನ್ನ ಮಟ್ಟಿಗೆ ಅತಿ ಮುಖ್ಯವಾದ ವಿಷಯ. ಆರ್ಡರ್‌ಗಳ ಬೆನ್ನ ಮೇಲೆ ನಂಬರ್ ಇರುತ್ತದೆ. ‘ಜಾ ಅತ್ವಾಗು’ವಿಗೂ ಯುದ್ಧಕಾಲದಲ್ಲಿ ನಂಬರ್ ಇತ್ತು. ಆ ನಂಬರ್ ಪಡೆದವರ ಪುಸ್ತಿಕೆಯಲ್ಲಿ ಬರೆದಿರುತ್ತಾರೆ. ಗಾಜಿನೊಳಗೆ ಪದಕದ ಪಕ್ಕ ಆ ಪುಸ್ತಿಕೆ ತೆರೆದಿಟ್ಟಿದ್ದರೆ ಹೆಸರು ಬರೆದುಕೊಳ್ಳುತ್ತೇನೆ. ಫೋನನ್ನು ಗಾಜಿಗೆ ಒತ್ತಿ ಹಿಡಿದು, ಫ್ಲ್ಯಾಶ್ ಆಫ್ ಮಾಡಿ ತೆಗೆದರೆ ದೀಪದ ಹೊಳಪು ಅಡ್ಡ ಬರುವುದಿಲ್ಲ. ಆದರೆ ಫೋಟೋಗೆ ಅನುಮತಿ ಇದೆಯಾ ಅಂತ ಮೊದಲೇ ಕೇಳಿ. ರಾತ್ರಿ ರೂಮಿಗೆ ಬಂದು ‘ಪಾಮ್ಯತ್ ನರೋದಾ’ ಸೈಟ್‌ನಲ್ಲಿ ಆ ಹೆಸರು ಹುಡುಕುತ್ತೇನೆ. ರಷ್ಯಾದ ರಕ್ಷಣಾ ಇಲಾಖೆ ಪದೊಲ್ಸ್ಕ್‌ನ ತನ್ನ ಆರ್ಕೈವ್‌ನ ಲಕ್ಷಾಂತರ ಕಾಗದಗಳನ್ನು ಅಲ್ಲಿ ಹಾಕಿದೆ, ನೋಡಲು ದುಡ್ಡು ಕೊಡಬೇಕಿಲ್ಲ. ಸಿಗುವುದು ‘ನಗ್ರದ್ನೊಯ್ ಲಿಸ್ತ್’, ಅಂದರೆ ಶಿಫಾರಸು ಪತ್ರ. ಹುಟ್ಟಿದ ವರ್ಷ, ಯಾವ ತುಕಡಿ, ಎಷ್ಟು ಸಲ ಗಾಯ, ಕೆಳಗೆ ಅವನು ಏನು ಮಾಡಿದ ಅಂತ ಕಮಾಂಡರ್ ಬರೆದ ನಾಲ್ಕು ಸಾಲು. ಕೆಲವು ಟೈಪ್ ಮಾಡಿದವು, ಕೆಲವು ಕೈಬರಹ. ಗುಂಡಿನ ಮಳೆಯಲ್ಲಿ ತುಂಡಾದ ಟೆಲಿಫೋನ್ ತಂತಿ ಜೋಡಿಸಿದ್ದು, ಗಾಯಗೊಂಡವರನ್ನು ಬಂದೂಕು ಸಮೇತ ಎಳೆದು ತಂದದ್ದು, ಇಂಥವೇ ಜಾಸ್ತಿ. ಮರುದಿನ ಅದೇ ಮ್ಯೂಸಿಯಂಗೆ ಮತ್ತೆ ಹೋಗಿ ಅದೇ ಪದಕ ನೋಡುತ್ತೇನೆ. ಟಿಕೆಟ್ ಎರಡು ಸಲ ಕೊಂಡರೂ ಪರವಾಗಿಲ್ಲ. ಕಾಗದ ಓದಿದ ಮೇಲೆ ಪದಕ ಬೇರೆಯೇ ಆಗಿ ಕಾಣುತ್ತದೆ.

ನಮ್ಮವರ ಹೆಸರೂ ಈ ಲೆಕ್ಕದಲ್ಲಿದೆ. ಎರಡನೇ ಮಹಾಯುದ್ಧದಲ್ಲಿ ಇರಾನ್ ದಾರಿಯಾಗಿ ಸೋವಿಯತ್ ಒಕ್ಕೂಟಕ್ಕೆ ಸಾಮಾನು ಸಾಗಿಸಿದ ರಾಯಲ್ ಇಂಡಿಯನ್ ಆರ್ಮಿ ಸರ್ವೀಸ್ ಕೋರ್‌ನ ಸುಬೇದಾರ್ ನಾರಾಯಣ ರಾವ್ ನಿಕ್ಕಂ, ಹವಿಲ್ದಾರ್ ಗಜೇಂದ್ರ ಸಿಂಗ್ ಇಬ್ಬರಿಗೂ 1944ರಲ್ಲಿ ರೆಡ್ ಸ್ಟಾರ್ ಸಿಕ್ಕಿತು. ನಿಕ್ಕಂ ಈಗಿನ ತಮಿಳುನಾಡಿನವರು. 1984ರಲ್ಲಿ ಬಾಹ್ಯಾಕಾಶಕ್ಕೆ ಹೋಗಿ ಬಂದ ರಾಕೇಶ್ ಶರ್ಮಾ ಸೋವಿಯತ್ ಒಕ್ಕೂಟದ ಹೀರೋ. ಮಾಸ್ಕೋದಲ್ಲಿ ಆ ಅಜ್ಜಿಗೆ ನಾನು ಭಾರತದವನು ಅಂದಾಗ ಅವರು ಮೊದಲು ಹೇಳಿದ್ದೇ ಶರ್ಮಾ ಹೆಸರು.

ಕೊನೆಗೆ ಖರೀದಿ ವಿಚಾರ. ಮಾಸ್ಕೋದ ಇಜ್ಮೈಲೊವೊ ಸಂತೆಯಲ್ಲಿ ಹಳೆಯ ಪದಕ, ನಕ್ಷತ್ರಗಳು ಕಂಡರೆ ಆಸೆ ಆಗುತ್ತದೆ. ಕೊಳ್ಳಬೇಡಿ. ರಷ್ಯಾದ ದಂಡಸಂಹಿತೆಯ 324ನೇ ಕಲಮಿನ ಪ್ರಕಾರ ಸೋವಿಯತ್ ಸರ್ಕಾರಿ ಪದಕಗಳನ್ನು ಮಾರುವುದೂ ಅಪರಾಧ, ಕೊಳ್ಳುವುದೂ ಅಪರಾಧ. ಏರ್‌ಪೋರ್ಟ್‌ನಲ್ಲಿ ಬ್ಯಾಗಿನೊಳಗೆ ಸಿಕ್ಕರೆ ಉತ್ತರ ಕೊಡುವುದು ಕಷ್ಟ. ನೆನಪಿಗೆ ಏನಾದರೂ ಬೇಕು ಅಂದರೆ ಪಿನ್ ಬ್ಯಾಡ್ಜ್‌ಗಳಿವೆ, ಊರಿನವು, ಒಲಿಂಪಿಕ್ಸಿನವು, ಕಾರ್ಖಾನೆಗಳವು. ನಾನು ತಂದದ್ದು ಅವನ್ನೇ, ಜೊತೆಗೆ ಮ್ಯೂಸಿಯಂ ಅಂಗಡಿಯ ಒಂದು ಕ್ಯಾಟಲಾಗ್. ಅದರಲ್ಲಿ ಪ್ರತಿ ಆರ್ಡರಿನ ಹಿಂಬದಿಯ ಚಿತ್ರವೂ ಇದೆ, ಗಾಜಿನ ಮುಂದೆ ನಿಂತವರಿಗೆ ಸಾಮಾನ್ಯವಾಗಿ ಕಾಣದ ಬದಿ.